ಯಾರೂ ಕೈ ಎತ್ತಿರಲಿಲ್ಲ

ಅಮೆರಿಕದ ಈರಿ ಊರಿನಲ್ಲಿ ಕ್ಯಾಸಿಮಿರ್ ನೊವಿಟ್ಸ್ಕಿಯ ಜೊತೆ ಕೂತು ತಿನ್ನುವವನು ಒಬ್ಬನೇ ಉಳಿದಿದ್ದ, ಲೈಲ್ ಗ್ಯಾಸ್ಕಿಲ್. ಎರಕದ ಕಾರ್ಖಾನೆಯ ಮುಷ್ಕರದಲ್ಲಿ ನಾವೆಲ್ಲ ಚಳಿಗೆ ಡ್ರಮ್ಮಿನಲ್ಲಿ ಬೆಂಕಿ ಹಾಕಿಕೊಂಡು ಗೇಟಿನ ಮುಂದೆ ನಿಂತಿದ್ದಾಗ, ಮುಷ್ಕರ ಮುರಿದು ಕೆಲಸಕ್ಕೆ ಹೊರಟ ಸ್ವಂತ ತಂಗಿಯ ಗಂಡನನ್ನೇ ಅಡ್ಡಗಟ್ಟಿದವನು ಈ ಕ್ಯಾಸ್. ತಂಗಿ ಅವತ್ತಿನಿಂದ ಮನೆಗೆ ಕರೆದಿಲ್ಲ. ಹೆಂಡತಿ ಅದಕ್ಕೂ ಮೊದಲೇ ಬಿಟ್ಟುಹೋಗಿದ್ದಳು.

ಶನಿವಾರ ಮಧ್ಯಾಹ್ನ ಅವನು ಲಾಂಡ್ರಿಯ ಪಕ್ಕದ ಕಾರ್ಡಿನ ಅಂಗಡಿಗೆ ಬರುತ್ತಿದ್ದ. ಇಸ್ಪೀಟಲ್ಲ, ಮಾಂತ್ರಿಕರೂ ಮೃಗಗಳೂ ಹೊಡೆದಾಡುವ ಕಾರ್ಡಿನಾಟ. ಪಂದ್ಯದಲ್ಲಿ ತಕರಾರು ಬಂದರೆ ಆಟಗಾರರು ಕೈ ಎತ್ತಿ "ಜಡ್ಜ್" ಅನ್ನುತ್ತಾರೆ. ಆ ಜಡ್ಜ್ ಇವನೇ. ಸಂಬಳವಿಲ್ಲ. ಕಟ್ಟುನಿಟ್ಟು ಜಾಸ್ತಿ ಎಂದು ಇವನ ಜೊತೆ ಆಡಲು ಯಾರೂ ಕೂರುತ್ತಿರಲಿಲ್ಲ, ಲೈಲ್ ಬಿಟ್ಟರೆ. ಲೈಲ್ ಪೊಟ್ಟಣದಲ್ಲಿ ಒಳಗೆ ಖಾರದ ಮಾಂಸವಿಟ್ಟು ಬೇಯಿಸಿದ ಎರಡು ಪೆಪ್ಪರೋನಿ ಉಂಡೆ ತರುವನು, ಒಂದು ಕ್ಯಾಸ್‌ಗೆ.

ಮಾರ್ಚ್‌ನ ಪಂದ್ಯದಲ್ಲಿ ಲೈಲ್ ಕೊನೆಯ ಸುತ್ತಿಗೆ ಬಂದ. ಗೆದ್ದರೆ ಕ್ಲೀವ್‌ಲ್ಯಾಂಡಿನ ದೊಡ್ಡ ಪಂದ್ಯ. ಕ್ಯಾಸ್‌ನ ಟ್ರಕ್ಕಿನಲ್ಲಿ ಇಬ್ಬರೂ ಹೋಗಿ ಎರಡು ದಿನ ಉಳಿಯುವುದೆಂದು ಮಾತಾಗಿತ್ತು. ಕ್ಯಾಸ್ ಟ್ರಕ್ಕಿಗೆ ಹೊಸ ಟೈರು ಕೂಡ ಹಾಕಿಸಿದ್ದ.

ಎದುರಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿಯುವ ಇಮಾನಿ. ಲೈಲ್‌ಗೆ ಉಳಿದದ್ದು ನಾಲ್ಕು ಜೀವ, ಏಟಿಗೊಂದರಂತೆ ಹೋಗುತ್ತವೆ. ಇಮಾನಿಯ ತೋಳದ ಕಾರ್ಡಿನ ಬಲ ಎರಡು, ಅದರ ಮೇಲಿಟ್ಟ ದಾಳ ತೋರಿಸುವ ಮೂರು ಸೇರಿ ಐದು. ಲೈಲ್ ತೋಳವನ್ನು ಕೊಲ್ಲಹೊರಟಾಗ ಅವಳು ಮಂತ್ರದ ಕಾರ್ಡು ಹಾಕಿ ಅದನ್ನು ಮರೆಮಾಡಿದಳು. ಕಾರ್ಡನ್ನು ಪಕ್ಕಕ್ಕೆ ಸರಿಸಿ, ದಾಳವನ್ನು ಡಬ್ಬಿಗೆ ಹಾಕಿದಳು. ಅವಳ ಸರದಿ ಬಂತು, ತೋಳ ವಾಪಸ್ ಬಂತು.

"ಎರಡು ಏಟು," ಎಂದಳು.

"ಸರಿ, ಎರಡು," ಎನ್ನುತ್ತಾ ಲೈಲ್ ಪೆನ್ಸಿಲ್ ತೆಗೆದುಕೊಂಡ. ಆಮೇಲೆ ತಲೆ ಎತ್ತಿ, ಇಮಾನಿಯ ಹಿಂದೆ ನಿಂತಿದ್ದ ಕ್ಯಾಸ್‌ನ ಮುಖ ನೋಡಿದ. ಮುಂದಿನ ಸರದಿಯಲ್ಲಿ ಗೆಲ್ಲುವುದು ಲೈಲ್ ಎಂದು ಮೇಜು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು.

"ನಿಲ್ಲಿಸಿ," ಎಂದ ಕ್ಯಾಸ್. "ಆ ದಾಳ ಎಲ್ಲಮ್ಮ?"

"ಡಬ್ಬಿಗೆ ಹಾಕ್ದೆ. ಕಾರ್ಡೇ ಹೋಯ್ತಲ್ಲ."

"ಹೋಗಿಲ್ಲ. ಮರೆಯಾಗಿತ್ತು. ಅದು ಮೇಜಿನ ಮೇಲೇ ಇರುತ್ತೆ, ಇಲ್ಲ ಅಂತ ನಾವು ಅಂದ್ಕೋಬೇಕು, ಅಷ್ಟೆ. ವಾಪಸ್ ಬರೋತನಕ ಯಾರೂ ಮುಟ್ಟಂಗಿಲ್ಲ. ನಿನ್ನ ಸರದಿ ಶುರುವಾಗ್ತಿದ್ದಂಗೇ ತಾನಾಗೇ ಬರುತ್ತೆ, ಮೈಮೇಲೆ ಏನಿತ್ತೋ ಅದರ ಸಮೇತ. ಹೊಸದಾಗಿ ಬಂದಂಗಲ್ಲ, ಹಂಗಾಗಿ ಈಗಲೇ ಹೊಡೀಬಹುದು. ದಾಳ ಇಡು."

"ನಿನ್ನನ್ನ ಯಾರಾದ್ರೂ ಕರೆದ್ರೇನೋ?" ಎಂದ ಲೈಲ್.

"ಇಲ್ಲ."

"ಯಾರೂ ಕೈ ಎತ್ತಲಿಲ್ಲ."

"ಕಣ್ಣಿಗೆ ಬಿತ್ತಲ್ಲ."

"ಕಣ್ಣಿಗೆ ಪೊರೆ ಬಂದಿದೆ ಅಂತ ಮೊನ್ನೆ ಗೋಳಾಡ್ತಿದ್ದೆ. ಇದು ಮಾತ್ರ ಚೆನ್ನಾಗಿ ಕಾಣ್ತು."

"ಐದು ಏಟು, ಲೈಲ್. ನಿಯಮ ನಿನಗೂ ಗೊತ್ತಿತ್ತು."

ಲೈಲ್ ಕಾರ್ಡುಗಳನ್ನು ಒಂದೊಂದಾಗಿ ಜೋಡಿಸಿ ಪೆಟ್ಟಿಗೆಗೆ ತುಂಬಿದ. "ಟ್ರಕ್ಕಲ್ಲಿ ನಿನ್ನ ನಿಯಮಾನೇ ಕೂರಿಸ್ಕೊಂಡು ಹೋಗು," ಎಂದು ಎದ್ದ.

ಐದು ಶನಿವಾರ ಲೈಲ್ ಬರಲಿಲ್ಲ. ಕ್ಯಾಸ್ ತನ್ನ ಮೇಜಿನ ಮೇಲೆ ಇಬ್ಬರಿಗೂ ಕಾರ್ಡು ಇಡುವ ಬಟ್ಟೆ ಹಾಸಿಕೊಂಡು ಕೂರುತ್ತಿದ್ದ. ಯಾರೋ ಬಂದು ಎದುರಿನ ಕುರ್ಚಿ ಎತ್ತಿಕೊಂಡು ಹೋದರು. ಇವನು ತಡೆಯಲಿಲ್ಲ. ಪಕ್ಕದ ಮೇಜಿನಲ್ಲಿ ಆಡುತ್ತಿದ್ದ ನಾನು, ಲೈಲ್‌ಗೆ ಸುಮ್ಮನೆ ಒಂದು ಫೋನ್ ಮಾಡಯ್ಯ ಎಂದೆ. "ಏನಂತ ಮಾಡ್ಲಿ? ತಪ್ಪು ಹೇಳಿದ್ನಾ ನಾನು?" ಎಂದ. ಹೇಳಿರಲಿಲ್ಲ.

ಆರನೆಯ ಶನಿವಾರ ಲೈಲ್ ಬಂದ. ಕಿಟಕಿಯ ಹತ್ತಿರದ ಮೇಜಿನಲ್ಲಿ ಬೇರೆಯವರ ಜೊತೆ ಕೂತ. ಅವನ ಪೊಟ್ಟಣದಲ್ಲಿ ಒಂದೇ ಉಂಡೆ ಇತ್ತು. ಆಟದ ಮಧ್ಯೆ ಏನೋ ತಕರಾರಾಯಿತು. ಎದುರಾಳಿ ಫೋನಿನಲ್ಲಿ ನಿಯಮ ಹುಡುಕಲು ಹೊರಟ.

"ಅದನ್ನ ಮಡಗು," ಎಂದ ಲೈಲ್. ಇತ್ತ ತಿರುಗದೆಯೇ ಕೈ ಎತ್ತಿದ. "ಜಡ್ಜ್."

ಹನ್ನೆರಡು ವರ್ಷದಲ್ಲಿ ಅವನು ಕ್ಯಾಸ್‌ನನ್ನು ಹಾಗೆ ಕರೆದದ್ದು ಅದೇ ಮೊದಲು. ಕ್ಯಾಸ್ ಹೋದ, ಎರಡೂ ಕಡೆಯ ಮಾತು ಕೇಳಿದ, ನಿಯಮ ಹೇಳಿದ. ಈ ಸಲ ಅದು ಲೈಲ್ ಪರವಾಗಿತ್ತು. ಲೈಲ್ ತಲೆಯಾಡಿಸಿ ತನ್ನ ಕಾರ್ಡು ಇಳಿಸಿದ. ಕ್ಯಾಸ್ ವಾಪಸ್ ಬಂದು ತನ್ನ ಮೇಜಿಗೆ ಕೂತ.