ಪಕ್ಕದ ಮನೆಯ ಮೊಮ್ಮಗಳು

ರಂಗಂಪೇಟೆಯ ಮರಿಲಿಂಗಮ್ಮನಿಗೆ ಪಕ್ಕದ ಮನೆಯ ಹಜರಾಬೀಯನ್ನು ಕಂಡರೆ ಹೊಟ್ಟೆಕಿಚ್ಚು. ಅವಳ ಹೊಲಕ್ಕೆ ಕಾಲುವೆ ನೀರು ಮೊದಲು ಬಂದರೂ ಉರಿ, ಅವಳ ರೊಟ್ಟಿ ಉಬ್ಬಿದರೂ ಉರಿ. ಎಲ್ಲಕ್ಕಿಂತ ದೊಡ್ಡ ಉರಿ ಅವಳ ಮಗಳ ಮಗಳು ನಗ್ಮಾ. ಮಸ್ಕತ್ತಿನಲ್ಲಿ ಹುಟ್ಟಿದ ಹುಡುಗಿಗೆ ತಂದೆಯ ದೇಶದ ಪಾಸ್‌ಪೋರ್ಟು. ಇಲ್ಲಿ ಅಜ್ಜಿಯ ಮನೆಯಲ್ಲಿರಲು ವರ್ಷವರ್ಷವೂ ಪರವಾನಗಿ ಬೇಡಬೇಕು. "ಪರದೇಶಿ ಪೋರಿ, ಎಷ್ಟ ದಿನ ಇರ್ತಾಳ ನೋಡ್ತೀನಿ" ಎನ್ನುತ್ತಲೇ ಮರಿಲಿಂಗಮ್ಮ ಅವಳ ಜಡೆ ಹೆಣೆಯುತ್ತಾಳೆ, ಮೊದಲ ಬಿಸಿರೊಟ್ಟಿ ಅವಳಿಗೇ ಕೊಡುತ್ತಾಳೆ, ಹಜರಾಬೀ ಹುಡುಗಿಯನ್ನು ಕರೆದರೆ ಕೇಳಿಸದವಳಂತೆ ಇನ್ನೊಂದು ರೊಟ್ಟಿ ಬಡಿಯುತ್ತಾಳೆ. ಮೊನ್ನೆ, ನಗ್ಮಾ ಕಾಯಂ ಇಲ್ಲೇ ಇರಲು ಹಾಕಿದ ಅರ್ಜಿಯ ತಪಾಸಣೆಗೆ ಪೊಲೀಸಪ್ಪ ಬಂದು, "ಈ ಹುಡುಗಿ ಹಜರಾಬೀ ಮನ್ಯಾಗ ಇರ್ತಾಳೇನವ್ವಾ?" ಎಂದು ಮರಿಲಿಂಗಮ್ಮನ ಸಾಕ್ಷಿ ಕೇಳಿದ. ಹಜರಾಬೀ ತನ್ನ ಬಾಗಿಲಿಗೆ ಬಂದು ನಿಂತಳು. ಮರಿಲಿಂಗಮ್ಮ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು, "ಅಲ್ಲಿ ಬರೇ ಮಲಗ್ತಾಳ್ರಿ ಸಾಹೇಬ್ರ. ನನ್ನ ಮನಿ ನಂಬರೂ ಬರ್ಕೊಳ್ರಿ" ಎಂದಳು.