ಇಬ್ಬರಿಗೂ ‘ಆಯ್ತು’ ಅಂದವನ ಪ್ರಾರ್ಥನೆ

ಡಿಸೆಂಬರ್ ಚಳಿಯಲ್ಲಿ ಸ್ವೆಟರ್ ಹಾಕ್ಕೊಂಡು, ಫ್ಯಾಕ್ಟರಿ ಗೇಟಿನ ಮುಂದೆ ನಿಂತು, ಒಂದರ ಹಿಂದೊಂದು ಮೂರು ಐಸ್ ಕ್ಯಾಂಡಿ ತಿನ್ನೋ ಮನುಷ್ಯನನ್ನ ನೋಡಿದ್ದೀರಾ? ಹೋದ ತಿಂಗಳು ಜಿಗಣಿ ಕಡೆ ಬಂದಿದ್ದರೆ ನೋಡಬಹುದಿತ್ತು. ನಾನೇ.

ನನಗೆ ಅರ್ಜೆಂಟಾಗಿ ಗಂಟಲು ಕಟ್ಟಬೇಕಿತ್ತು.

ಆಗಿದ್ದಿಷ್ಟು. ವರ್ತೂರಿನಲ್ಲಿರೋ ಅಮ್ಮ ಫೋನ್ ಮಾಡಿ, “ನಮ್ಮ ಚರ್ಚಿನ ಕ್ರಿಸ್ಮಸ್ ಪ್ರೋಗ್ರಾಮಲ್ಲಿ ನೀನೊಂದು ಹಾಡು ಹಾಡ್ಬೇಕು ಕಣೋ, ಪಾಸ್ಟರ್‌ಗೆ ಹೇಳ್ಬಿಟ್ಟಿದೀನಿ” ಅಂದರು. ಆಯ್ತಮ್ಮ ಅಂದೆ. ಎರಡು ದಿನ ಬಿಟ್ಟು ಹೆಂಡತಿ ಸುಗುಣ, “ಇಲ್ಲೇ ಹೆಬ್ಬಗೋಡೀಲಿ ನಮ್ಮ ಪ್ರಾರ್ಥನೆ ಗುಂಪಿನ ಕ್ರಿಸ್ಮಸ್‌ಗೆ ನೀವೇ ಹಾಡ್ಬೇಕು ರೀ” ಅಂದಳು. ಆಯ್ತು ಅಂದೆ. ಒಂದು ದಿನ ಆ ಗುಂಪಿನ ಪ್ರಾಕ್ಟೀಸಿಗೂ ಹೋಗಿಬಂದೆ. ಆಮೇಲೆ ಗೊತ್ತಾಯ್ತು, ಎರಡೂ ಒಂದೇ ಭಾನುವಾರ, ಸಂಜೆ ಆರಕ್ಕೆ!

ಅಮ್ಮನಿಗೆ ಇಲ್ಲ ಅಂದರೆ ‘ಹೆಂಡ್ತಿ ಮಾತು ಕೇಳೋನು’. ಹೆಂಡತಿಗೆ ಇಲ್ಲ ಅಂದರೆ ‘ಅಮ್ಮನ ಮಗ’. ಮದುವೆಯಾದ ಗಂಡಸರೇ, ಇದಕ್ಕಿಂತ ಇಕ್ಕಟ್ಟು ಇನ್ನೊಂದಿದೆಯಾ?

ಫ್ಯಾಕ್ಟರೀಲೂ ಇದೇ ಯೋಚನೆ. ನನ್ನ ಕೆಲಸ ಕ್ವಾಲಿಟಿ ಚೆಕ್. ಒಳ್ಳೇ ಪೀಸ್‌ಗಳನ್ನೆಲ್ಲ ರಿಜೆಕ್ಟ್ ಟ್ರೇಗೆ ಹಾಕ್ತಿದ್ದೆ. ಪ್ರಾರ್ಥನೆಯನ್ನೂ ಮಾಡಿದೆ. ಏನಂತ? “ಕರ್ತನೇ, ಎಲ್ಲಾದರೂ ಒಂದು ಕಡೆ ಕರೆಂಟ್ ಹೋಗಲಿ. ಆಗಲ್ಲ ಅಂದ್ರೆ ನನ್ನ ಗಂಟಲಾದರೂ ಹೋಗಲಿ.” (ದೇವರಿಗೆ ಸ್ವಲ್ಪ ಸಹಾಯ ಆಗಲಿ ಅಂತಲೇ ಐಸ್ ಕ್ಯಾಂಡಿ.)

ನಮ್ಮ ಲೈನಿನಲ್ಲಿ ಕೆಲಸ ಮಾಡೋ ರಾಯಚೂರಿನ ಬಸವರಾಜನಿಗೆ ಇದನ್ನೆಲ್ಲ ಹೇಳಿಕೊಂಡೆ. “ದೇವ್ರಿಗೆ ಕೇಳೀರಿ ಅಂದಮ್ಯಾಲ ಅವನಿಗೇ ಬಿಟ್ಟುಬಿಡ್ರಿ ಸರ. ನೀವ್ಯಾಕ ನಡುವ ಕೈ ಹಾಕ್ತೀರಿ?” ಅಂದ. ನಾಚಿಕೆಯಾಯ್ತು.

ಮರುದಿನ ಬೆಳಗ್ಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬೈಬಲ್ ತೆಗೆದೆ. ಹೌದು ಅನ್ನೋದು ಹೌದಾಗಿರಲಿ, ಇಲ್ಲ ಅನ್ನೋದು ಇಲ್ಲವಾಗಿರಲಿ ಅನ್ನೋ ಯೇಸುವಿನ ಮಾತು ಸಿಕ್ಕಿತು. ಎಷ್ಟೋ ಸಲ ಓದಿದ್ದೇ. ಅವತ್ತು ಮಾತ್ರ ಅದು ನನ್ನನ್ನ ಮುಂದಕ್ಕೆ ಹೋಗೋಕೇ ಬಿಡಲಿಲ್ಲ. ಅದನ್ನೇ ಮೆಲುಕು ಹಾಕ್ತಾ ಕೂತೆ. ನಾನು ಕೇಳಬೇಕಿದ್ದದ್ದು ಕರೆಂಟ್ ಕಟ್ ಅಲ್ಲ, ಧೈರ್ಯ. ಮೊದಲು ಮಾತು ಕೊಟ್ಟಿದ್ದು ಅಮ್ಮನಿಗೆ. ಹಾಗಾದರೆ ಸುಗುಣಂಗೆ ‘ಇಲ್ಲ’. ಕಣ್ಣು ಮುಚ್ಚಿ ಧೈರ್ಯ ಕೇಳಿದೆ. ಕಣ್ಣು ಬಿಟ್ಟಾಗ ಮನಸ್ಸು ಹಗುರಾಗಿತ್ತು. (ಇಳಿಯೋ ಸ್ಟಾಪೂ ದಾಟಿಹೋಗಿತ್ತು.)

ಸಂಜೆ ಮನೆಗೆ ಬಂದವನೇ ಶೂ ಕೂಡ ಬಿಚ್ಚದೆ ಹೇಳಿಬಿಟ್ಟೆ. “ಸುಗುಣ, ಭಾನುವಾರ ನಿಮ್ಮಲ್ಲಿ ಹಾಡೋಕಾಗಲ್ಲ. ಅಮ್ಮನಿಗೆ ಮೊದಲೇ ಒಪ್ಕೊಂಡಿದ್ದೆ. ನಿನಗೆ ಹೇಳದೇ ಇದ್ದಿದ್ದು ನನ್ನ ತಪ್ಪು.”

ಅವಳು ಸೌಟು ಕೆಳಗಿಟ್ಟಳು. ಕಣ್ಣಲ್ಲಿ ನೀರು. “ದೇವರಿಗೆ ಸ್ತೋತ್ರ!” ಅಂದಳು.

“ಬೇಜಾರಿಲ್ವಾ?”

“ಬೇಜಾರಾ? ಪ್ರಾಕ್ಟೀಸಲ್ಲಿ ನಿಮ್ಮ ಹಾಡು ಕೇಳಿದಾಗಿನಿಂದ ನಮ್ಮ ಗುಂಪಿನವರೆಲ್ಲ ಉಪವಾಸ ಪ್ರಾರ್ಥನೆ ಮಾಡ್ತಿದಾರೆ ರೀ. ನಿಮ್ಮ ಮನಸ್ಸು ನೋಯದ ಹಾಗೆ ಹೇಗೆ ಬೇಡ ಅನ್ನೋದು ಅಂತ! ನಾನೂ ಬೆಳಗ್ಗೆಯಿಂದ ಏನೂ ತಿಂದಿಲ್ಲ.”

ಇಬ್ಬರೂ ನಕ್ಕು ನಕ್ಕು ಗೋಡೆಗೆ ಒರಗಿದೆವು. ಆಮೇಲೆ ಅವಳು ಎರಡು ತಟ್ಟೆ ಊಟ ಮಾಡಿದಳು.

ಭಾನುವಾರ ವರ್ತೂರಿನಲ್ಲಿ ಹಾಡಿದೆ. ಹೆದರಿಕೆ ಇರಲಿಲ್ಲ. ಶ್ರುತಿಯೂ ಇರಲಿಲ್ಲ. ಮುಂದಿನ ಬೆಂಚಲ್ಲಿ ಕೂತಿದ್ದ ಅಮ್ಮ ಹಾಡು ಮುಗಿಯೋವರೆಗೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇದ್ದರು.

ಭಕ್ತಿಯಿಂದಲೋ, ತಾಳ್ಮೆಯಿಂದಲೋ? ಅದನ್ನ ಕೇಳೋವಷ್ಟು ಧೈರ್ಯವನ್ನ ನಾನಿನ್ನೂ ದೇವರ ಹತ್ತಿರ ಬೇಡಿಕೊಂಡಿಲ್ಲ.