ದಿನ ತುಂಬಿದ ಮೇಲೆ ಅವ್ವ ಹೇಳದ ಮಾತು

ಮೊದಲ ಬಸುರಿನಲ್ಲಿ ನನಗೆ ದಿನ ತುಂಬಿ ಮೀರಿತ್ತು. ಆಗ ನಾನು ಕಲ್ಲೂರಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಗಂಡನಿಗೆ ಮಾನ್ವಿಯಲ್ಲಿ ಸರ್ಕಾರಿ ನೌಕರಿ. ಚೊಚ್ಚಲ ಬಾಣಂತನಕ್ಕೆಂದು ತವರಾದ ದೇವದುರ್ಗಕ್ಕೆ ಬಂದಿದ್ದೆ. ಅಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ಅವ್ವ ಮಂದಿ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ ನನ್ನನ್ನು ಓದಿಸಿದವಳು. ನಮ್ಮ ಓಣಿಯಲ್ಲಿ ಬಿ.ಎಡ್. ಮಾಡಿದ ಮೊದಲ ಹುಡುಗಿ ನಾನು. ಅವ್ವ ನನಗೆ ಸುಳ್ಳು ಹೇಳಬಹುದು ಎಂಬುದು ನನ್ನ ತಲೆಗೆ ಯಾವತ್ತೂ ಬಂದಿರಲಿಲ್ಲ.

ತೋರಿಸಿಕೊಳ್ಳಲು ರಾಯಚೂರಿನ ಒಬ್ಬ ಡಾಕ್ಟರಮ್ಮನ ಹತ್ತಿರ ಹೋಗುತ್ತಿದ್ದೆ. ಆ ದಿನ ಸ್ಕ್ಯಾನ್ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ನನ್ನ ಕಾಲು ಬಾತು ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲ. "ನೀ ಆಟೋದಾಗ ಕುಂದ್ರು ಹೋಗು, ರಿಪೋರ್ಟ್ ನಾ ತೋರಿಸಿ ಬರ್ತೀನಿ," ಎಂದಳು ಅವ್ವ. ನಾನು ಹೋಗಿ ಕುಳಿತೆ. ಅವಳು ಹೊರಗೆ ಬಂದಾಗ ಮುಖ ಕಪ್ಪಿಟ್ಟಿತ್ತು. ಬಿಸಿಲಿಗೆ ಅಂದುಕೊಂಡೆ.

"ಏನಂದ್ರು ಬೇ ಅವ್ವಾ?"

"ಎಲ್ಲಾ ಛಲೋ ಅದ ಅಂದ್ರು. ಚೊಚ್ಚಲ ಅಂದ್ರ ಹಿಂಗ ಮುಂದಕ ಹೋಗ್ತಾವಂತ. ನೋವು ತಾವಾಗೇ ಬರತಾವ, ಕಾಯ್ರಿ ಅಂದ್ರು."

ನಾನು ಕಾದೆ. ಅವ್ವ ದಿನಾ ಬಿಸಿನೀರು ಕಾಯಿಸಿ ಸೊಂಟಕ್ಕೆ ಹಾಕುತ್ತಿದ್ದಳು, ಜೀರಿಗೆ ಕಷಾಯ ಕುಡಿಸುತ್ತಿದ್ದಳು, ಅಂಗಳದಲ್ಲಿ ಕೈಹಿಡಿದು ನಡೆಸುತ್ತಿದ್ದಳು. ಗಂಡ ಫೋನು ಮಾಡಿದಾಗಲೆಲ್ಲ ಮೊದಲು ಅವಳ ಜೊತೆ ಮಾತಾಡುತ್ತಿದ್ದ. ಅತ್ತೆ ಅಳಿಯ ಇಷ್ಟು ಹೊಂದಿಕೊಂಡಿದ್ದಾರಲ್ಲ ಎಂದು ನನಗೆ ಸಂತೋಷವೇ ಆಗುತ್ತಿತ್ತು.

ಒಂದು ಬೆಳಿಗ್ಗೆ ಕೂಸು ಹೊಟ್ಟೆಯಲ್ಲಿ ಸುಮ್ಮನಾದ ಹಾಗೆನಿಸಿತು. ಅವ್ವನಿಗೆ ಹೇಳಿದೆ. "ಇಳಿಯಾಕತ್ತದ, ಅದಕ್ಕ ಮಿಸುಗವಲ್ದು," ಎಂದಳು. ಹೇಳಿದವಳೇ ದೇವರ ಮುಂದೆ ದೀಪ ಹಚ್ಚಲು ಹೋದಳು. ಉಂಡ ಮೇಲೂ ಕೂಸು ಅಲುಗದಿದ್ದಾಗ ನಾನೇ ಹಟಮಾಡಿ ಗಾಡಿ ತರಿಸಿದೆ. ರಾಯಚೂರು ಮುಟ್ಟುವ ಮೊದಲೇ ನೀರು ಹೋಯಿತು. ಸೀರೆಯ ಮೇಲೆ ಹಸಿರು ಬಣ್ಣ ಕಂಡು ನನ್ನ ಎದೆ ಒಡೆಯಿತು. ಕೂಸು ಹೊಟ್ಟೆಯೊಳಗೇ ಮಲ ಮಾಡಿಕೊಂಡಿತ್ತು. ಆಸ್ಪತ್ರೆಯಲ್ಲಿ ಇಳಿಸಿದ ತಕ್ಷಣ ಆಪರೇಷನ್ ಕೋಣೆಗೆ ಒಯ್ದರು.

ಹೆಣ್ಣುಮಗು ಹುಟ್ಟಿತು. ಅಳಲಿಲ್ಲ. ಅಳುವಿಗಾಗಿ ಕಿವಿಗೊಟ್ಟು ಮಲಗಿದ್ದ ನನಗೆ ಕೇಳಿಸಿದ್ದು ನರ್ಸುಗಳ ಚಪ್ಪಲಿ ಸದ್ದು ಮಾತ್ರ.

ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಗಿಗೆ ನಳಿಗೆ ಹಾಕಿದರು. ಎರಡನೇ ದಿನ ಅದಕ್ಕೆ ಫಿಟ್ಸ್ ಬಂತು. ನಾನು ಗೋಡೆ ಹಿಡಿದುಕೊಂಡು ಹೋಗಿ ಗಾಜಿನ ಹೊರಗೆ ನಿಂತಿದ್ದಾಗ ಡಾಕ್ಟರಮ್ಮ ಬಂದರು. ಅವರ ದನಿಯಲ್ಲಿ ಸಿಟ್ಟಿತ್ತು.

"ನೀವು ಟೀಚರ್ ಅದೀರಿ. ಅಡ್ಮಿಟ್ ಆಗ್ರಿ ಅಂತ ಅವತ್ತೇ ಹೇಳಿ ಕಳಿಸಿದ್ದೆ. ಗುಳಿಗೆ ಇಟ್ಟು ನೋವು ಬರಿಸ್ತೀವಿ, ದಿನ ಮೀರೇದ, ಇನ್ನ ಕಾಯೋದು ಕೂಸಿಗೆ ಛಲೋ ಅಲ್ಲ ಅಂತ. ಯಾಕ ಬರ್ಲಿಲ್ರಿ?"

"ಯಾರಿಗೆ ಹೇಳಿದ್ರಿ ಮೇಡಂ?"

"ನಿಮ್ಮ ತಾಯಿಗೆ. ಮರುದಿನ ನಿಮ್ಮ ಮನೆಯವರು ಫೋನ್ ಮಾಡಿದ್ರು, ಅವ್ರಿಗೂ ಹೇಳಿದೆ."

ನನ್ನ ಹೊಲಿಗೆಯ ನೋವು ಆಗ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಅವ್ವ ವಾರ್ಡಿನ ಬಾಗಿಲಲ್ಲಿ ಕುಳಿತು ಗಂಜಿ ಆರಿಸುತ್ತಿದ್ದಳು. ಗಂಡ ಪಕ್ಕದಲ್ಲಿದ್ದ. ನಾನು ಕೇಳಿದೆ. ಅವ್ವ ಬಟ್ಟಲು ಕೆಳಗಿಟ್ಟಳು.

"ನಿನ್ನ ಚಿಕ್ಕವ್ವ ಜ್ವರ ಬಂದು ಸತ್ತಿಲ್ಲ ಯವ್ವಾ," ಎಂದಳು. "ಚೊಚ್ಚಲದಾಗ ಮನಿಗೆ ಬರೋ ಸೂಜಿ ಡಾಕ್ಟರ್‌ನ ಕರದಿದ್ವಿ. ನೋವು ಲಗೂ ಬರ್ಲಿ ಅಂತ ಸೂಜಿ ಮ್ಯಾಲ ಸೂಜಿ ಹಾಕಿದ. ನನ್ನ ತೊಡಿ ಮ್ಯಾಲೇ ಸತ್ತಳು. ಕೂಸೂ ಹೋತು. ನೋವು ಬರಿಸ್ತೀವಿ ಅಂದ ಕೂಡ್ಲೇ ನನಗ ಆಕಿ ಮುಖಾನೇ ಕಂಡಂಗಾತು."

ಅವ್ವನ ತಂಗಿಯಾದ ಆ ಚಿಕ್ಕವ್ವ ಜ್ವರದಿಂದ ಸತ್ತಳೆಂದು ಹುಟ್ಟಿದಂದಿನಿಂದ ನನಗೆ ಹೇಳಿದ್ದೂ ಸುಳ್ಳೇ. ಅರ್ಧಂಬರ್ಧ ಕಲಿತವನೊಬ್ಬ ಮನೆಯಲ್ಲಿ ಲೆಕ್ಕವಿಲ್ಲದೆ ಹಾಕುವ ಸೂಜಿಗೂ, ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ನೋಡುತ್ತ ಕೊಡುವ ಔಷಧಿಗೂ ಇರುವ ವ್ಯತ್ಯಾಸವನ್ನು ನಾನು ಕೂತು ತಿಳಿಸಿ ಹೇಳುತ್ತಿದ್ದೆ. ಹೆದರಿಕೆಯಾಗಿದ್ದರೆ ಇಬ್ಬರೂ ಕೂಡಿ ಡಾಕ್ಟರಮ್ಮನನ್ನು ಕೇಳುತ್ತಿದ್ದೆವು. ಹೇಳಿದ್ದರೆ ತಾನೆ.

ಗಂಡನ ಕಡೆ ತಿರುಗಿದೆ. ಅವನಿಗೆ ಯಾವ ತಂಗಿಯೂ ತೊಡೆಯ ಮೇಲೆ ಸತ್ತಿರಲಿಲ್ಲ.

"ನೀನು ಹೆದರ್ತಿ ಅಂತ ಹೇಳ್ಲಿಲ್ಲ. ದೊಡ್ಡವರು ಬ್ಯಾಡ ಅಂದ್ರು, ನಾ ಹೆಂಗ ಮೀರಲಿ?"

"ಹೊಟ್ಟಿ ಯಾರದಿತ್ತು?" ಎಂದೆ.

ಮಗು ಉಳಿಯಿತು. ವಾರಗಟ್ಟಲೆ ಆ ಗಾಜಿನೊಳಗಿದ್ದು ಮನೆಗೆ ಬಂತು. ಆದರೆ ಕತ್ತು ನಿಲ್ಲುವುದು, ಕೂರುವುದು ಎಲ್ಲ ತಡವಾಯಿತು. ಈಗ ಶಾಲೆಗೆ ಹೋಗುತ್ತಾಳೆ, ಬಲಗಾಲು ತುಸು ಎಳೆಯುತ್ತದೆ, ಮಾತು ನಿಧಾನ. ಒಮ್ಮೆ ಡಾಕ್ಟರಮ್ಮನನ್ನು ನೇರವಾಗಿ ಕೇಳಿದೆ, ಅವತ್ತೇ ಬಂದಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು. "ಆಗ್ತಿರಲಿಲ್ಲ ಅಂತ ಆಣಿ ಮಾಡಿ ಹೇಳಾಕ ಬರಂಗಿಲ್ಲ. ದಿನ ಮೀರಿದಂಗ ಅಪಾಯ ಹೆಚ್ಚಾಗ್ತದ, ಅಷ್ಟೇ ಗೊತ್ತು," ಎಂದರು.

ಆ ಉತ್ತರದೊಂದಿಗೆ ಬದುಕುವುದು ಕಷ್ಟ. ಆಗಿಯೇ ಆಗುತ್ತಿತ್ತು ಎಂದಿದ್ದರೆ ಅವ್ವನನ್ನು ಕ್ಷಮಿಸುತ್ತಿದ್ದೆ. ಆಗುತ್ತಿರಲಿಲ್ಲ ಎಂದಿದ್ದರೆ ಅವಳ ಮುಖ ನೋಡುವುದನ್ನೇ ಬಿಡುತ್ತಿದ್ದೆನೇನೋ. ಈಗ ಎರಡೂ ಆಗದೆ ಉಳಿದಿದ್ದೇನೆ.

ಅವ್ವ ಈಗ ಮಾನ್ವಿಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಮೊಮ್ಮಗಳ ಕಾಲಿಗೆ ದಿನಾ ಎಣ್ಣೆ ತಿಕ್ಕಿ, ತೊದಲು ಮಾತಿಗೆಲ್ಲ ಉತ್ತರ ಕೊಡುತ್ತ ಓಣಿ ಸುತ್ತಿಸಿಕೊಂಡು ಬರುತ್ತಾಳೆ. ಆ ಕಾಲು ಇಷ್ಟಾದರೂ ಬಲಿತದ್ದು ಅವಳಿಂದಲೇ ಎಂದು ನನಗೆ ಗೊತ್ತಿದೆ. ಹೋದ ವರ್ಷ ಗಂಡ ಇನ್ನೊಂದು ಮಗುವಿನ ಮಾತೆತ್ತಿದ. ನಾನು ಬೇಡವೆಂದೆ. ಕಾರಣ ಕೇಳಿದ.

"ದಿನ ತುಂಬಿದಾಗ ನಾನು ಯಾರ ಮಾತು ನಂಬಬೇಕು, ಹೇಳು," ಎಂದೆ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ನಾನು ದನಿ ತಗ್ಗಿಸಿರಲಿಲ್ಲ.